ಅಜ್ಜನ ಕಣ್ಣಿಗೆ ಹಾಕಿದ ಮದ್ದು

ಮಕ್ಕಳೇ, ನಿಮ್ಮ ಅಜ್ಜ ಸತ್ತದ್ದು ಅವರದೇ ಉಡಾಫೆಯಿಂದ ಎಂದು ಕೇಳಿಕೊಂಡೇ ನೀವೆಲ್ಲ ಬೆಳೆದಿರಿ. ಹೆಂಡತಿಯ ಕಣ್ಣಿನ ಮದ್ದನ್ನು ಯಾರನ್ನೂ ಕೇಳದೆ ತನ್ನ ಕಣ್ಣಿಗೆ ಬಿಟ್ಟುಕೊಂಡರು, ಅದರಿಂದ ದಮ್ಮು ಏರಿ ತೀರಿಹೋದರು ಎಂದು ಕುಟುಂಬದಲ್ಲಿ ಎಲ್ಲರೂ ಹೇಳುತ್ತಾರೆ. ಈಗಲೂ ಯಾರಾದರೂ ಡಾಕ್ಟರನ್ನು ಕೇಳದೆ ಮಾತ್ರೆ ನುಂಗಿದರೆ ಅಜ್ಜನ ಕಥೆ ಹೇಳಿ ಗದರುತ್ತಾರೆ. ಆ ಮಾತು ಸರಿಯಲ್ಲ. ಅಜ್ಜನ ಕಣ್ಣಿಗೆ ಮದ್ದು ಹಾಕಿದ್ದು ನಾನು. ಒಂಬತ್ತು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ಎದುರು ಕೂತು ಹೇಳಲು ನನ್ನಿಂದ ಆಗುವುದಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ನಾನು ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ನಾವು ತುಳುವಿನಲ್ಲಿ ಆಡಿದ ಮಾತುಗಳನ್ನು ನನಗೆ ತಿಳಿದ ಕನ್ನಡದಲ್ಲಿ ಬರೆದಿದ್ದೇನೆ.

ನಿಮ್ಮಲ್ಲಿ ದೊಡ್ಡವರಿಗೆ ಮಾತ್ರ ಅಜ್ಜನ ನೆನಪು ಇದ್ದೀತು. ಅವರು ಮೂಡುಬಿದಿರೆಗೂ ಬಂಟ್ವಾಳಕ್ಕೂ ನಡುವೆ ಓಡುವ ಸರ್ವಿಸ್ ಬಸ್ಸಿನಲ್ಲಿ ಇಪ್ಪತ್ತೆರಡು ವರ್ಷ ಕಂಡಕ್ಟರ್ ಆಗಿದ್ದರು. ಹಿಂದಿನ ಬಾಗಿಲಲ್ಲಿ ನಿಂತು ಊರುಗಳ ಹೆಸರು ಕೂಗಿದರೆ ಮುಂದಿನ ಸೀಟಿನಲ್ಲಿ ನಿದ್ದೆ ಮಾಡುವವರು ಎಚ್ಚರಾಗುತ್ತಿದ್ದರು. ಸ್ವರ ದೊಡ್ಡದು, ಆದರೆ ಎದೆ ಗಟ್ಟಿ ಇರಲಿಲ್ಲ. ಚಿಕ್ಕಂದಿನಿಂದಲೇ ದಮ್ಮು. ಅವರಿಗೆ ಹತ್ತು ವರ್ಷವಿರುವಾಗ ನನ್ನ ಅತ್ತೆ ಉಮ್ಮತ್ತಿಯ ಎಲೆಯನ್ನು ಒಣಗಿಸಿ, ಪುಡಿ ಮಾಡಿ, ಬೀಡಿ ಎಲೆಯಲ್ಲಿ ಸುತ್ತಿ ಹೊಗೆ ಎಳೆಸುತ್ತಿದ್ದರಂತೆ. ಉಸಿರು ಸಡಿಲವಾಗುತ್ತಿತ್ತಂತೆ. ಒಮ್ಮೆ ಹೊಗೆ ಹೆಚ್ಚಾಗಿ ಅವರು ಎರಡು ದಿನ ಎದುರಿಗೆ ಇಲ್ಲದ ಜನರ ಜೊತೆ ಮಾತನಾಡಿದ ಮೇಲೆ ಅತ್ತೆ ಹೆದರಿ ಅದನ್ನು ಬಿಟ್ಟರು. ನಾನು ಮದುವೆಯಾಗಿ ಬಂದ ಕಾಲಕ್ಕೆ ದಮ್ಮು ಎದ್ದರೆ ಹಾಲು ಹಾಕದ ಕಡು ಕಾಫಿ ಕೊಡುವ ಕ್ರಮವಿತ್ತು. ಅದರಿಂದಲೂ ಸ್ವಲ್ಪ ಹಗುರವಾಗುತ್ತಿತ್ತು. ಆಮೇಲೆ ನೀಲಿ ಪಂಪು ಬಂತು. ಬಾಯಿಗೆ ಇಟ್ಟು ಎರಡು ಸಲ ಎಳೆದು, ಹತ್ತು ಎಣಿಸುವಷ್ಟು ಹೊತ್ತು ಉಸಿರು ಹಿಡಿದರೆ ಎದೆಯೊಳಗೆ ಕೂಗುತ್ತಿದ್ದ ಬೆಕ್ಕಿನ ಮರಿ ಸುಮ್ಮನಾಗುತ್ತಿತ್ತು. ಆ ಪಂಪು ಅಂಗಿಯ ಜೇಬಿನಲ್ಲಿ ಇದೆ ಎಂದಾದರೆ ಅವರಿಗೆ ಯಾವ ಹೆದರಿಕೆಯೂ ಇರಲಿಲ್ಲ.

ಐವತ್ತನಾಲ್ಕನೆಯ ವಯಸ್ಸಿನಲ್ಲಿ ಮಾರ್ಗದ ಧೂಳು ತಡೆಯದೆ ಕೆಲಸ ಬಿಟ್ಟರು. ಆಗ ನಾವು ಮಡಂತ್ಯಾರಿನ ಹತ್ತಿರ ಈಗಿನ ಮನೆಯಲ್ಲೇ ಇದ್ದೆವು. ನಾನು ಮದುವೆಗೆ ಮೊದಲಿನಿಂದಲೂ ಬೀಡಿ ಕಟ್ಟುತ್ತಿದ್ದವಳು. ಹೊಗೆಸೊಪ್ಪಿನ ಪುಡಿ ಅವರ ಎದೆಗೆ ಆಗುವುದಿಲ್ಲವೆಂದು ಹೊರಗೆ ಹಲಸಿನ ಮರದ ಬುಡದಲ್ಲಿ ಕೂತು ಕಟ್ಟುತ್ತಿದ್ದೆ. ಅವರು ಹೆಗಲಿನ ಬೈರಾಸನ್ನು ಮೂಗಿಗೆ ಕಟ್ಟಿಕೊಂಡು ದೂರದಲ್ಲಿ ಕೂತು ನನಗೆ ಎಲೆ ಕತ್ತರಿಸಿ ಕೊಡುತ್ತಿದ್ದರು. ಪಕ್ಕದ ಮನೆಯಾಕೆ ಕಟ್ಟಿದ ಬೀಡಿ ಕೊಡಲು ಬ್ರಾಂಚಿಗೆ ಹೋಗುವ ದಾರಿಯಲ್ಲಿ ನಿಂತು ತಮಾಷೆ ಮಾಡುತ್ತಿದ್ದಳು.

“ಏನು ಕಂಡಕ್ಟರೇ, ಈಗ ಎಲೆಗೆ ಟಿಕೆಟ್ ಹರಿಯುವುದಾ?”

“ಹೌದಕ್ಕ, ಹತ್ತಿ ಬೇಗ. ನಿಮಗೆ ಅರ್ಧ ಟಿಕೆಟ್ ಸಾಕು.”

ಆಕೆ ಕುಳ್ಳಿ. ಬಯ್ಯುತ್ತಾ ನಗುತ್ತಾ ಹೋಗುತ್ತಿದ್ದಳು. ನಾನು ತಲೆ ಎತ್ತುತ್ತಿರಲಿಲ್ಲ. ಹೊರಗಿನವರ ಎದುರು ನಾನು ಮಾತನಾಡುವುದು ಮೊದಲಿನಿಂದಲೂ ಕಡಿಮೆ. ಬ್ರಾಂಚಿನಲ್ಲಿ ನನ್ನ ಕಟ್ಟು ನೋಡಿ ನೂಲು ಬಿಗಿಯಾಯಿತೆಂದು ಬೀಡಿಗಳನ್ನು ಮುರಿದು ಹಾಕಿದಾಗಲೂ ಒಂದು ಮಾತು ಆಡಿದವಳಲ್ಲ. ನನ್ನ ಪರವಾಗಿ ಮಾತನಾಡುವವರು ಅಜ್ಜನೇ.

ನನಗೆ ಅರುವತ್ತು ವಯಸ್ಸಾಗುವ ಹೊತ್ತಿಗೆ ಕಣ್ಣಿನ ತೊಂದರೆ ಶುರುವಾಯಿತು. ನೂಲು ಕಾಣುತ್ತಿತ್ತು, ಆದರೆ ಬದಿಯಲ್ಲಿ ಇಟ್ಟ ಕತ್ತರಿ ಕಾಣುತ್ತಿರಲಿಲ್ಲ. ಶಾಲೆಯಲ್ಲಿ ನಡೆದ ಕಣ್ಣಿನ ಶಿಬಿರಕ್ಕೆ ಅಜ್ಜ ಕರೆದುಕೊಂಡು ಹೋದರು. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿದೆ, ಬಿಟ್ಟರೆ ದೃಷ್ಟಿ ಹೋಗುತ್ತದೆ ಎಂದು ಡಾಕ್ಟರು ಹೇಳಿದರು. ಮದ್ದು ಬರೆಯುವ ಮೊದಲು ಅವರು ನನ್ನನ್ನು ಕೇಳಿದರು.

“ನಿಮಗೆ ದಮ್ಮು, ಉಬ್ಬಸ ಉಂಟಾ ಅಮ್ಮ? ಹೃದಯದ ತೊಂದರೆ?”

ಇಲ್ಲವೆಂದು ತಲೆ ಅಲ್ಲಾಡಿಸಿದೆ. ಅಜ್ಜ ಆಗ ಹೊರಗಿನ ಸಾಲಿನಲ್ಲಿ ಚೀಟಿ ಹಿಡಿದು ನಿಂತಿದ್ದರು. ನನಗಿಲ್ಲ, ಮನೆಯಲ್ಲಿ ಅವರಿಗೆ ಉಂಟು ಎಂದು ಮನಸ್ಸಿನಲ್ಲಿ ಬಂತು. ಕೇಳಿದ್ದು ನನ್ನ ವಿಷಯ, ಗಂಡನ ಕಥೆ ಯಾಕೆ ಹೇಳುವುದು ಎಂದು ಸುಮ್ಮನಾದೆ. ಕಣ್ಣಿನ ಡಾಕ್ಟರು ದಮ್ಮಿನ ವಿಷಯ ಯಾಕೆ ಕೇಳಿದರು ಎಂದು ಯೋಚಿಸಲಿಲ್ಲ. ಹಳದಿ ಮುಚ್ಚಳದ ಸಣ್ಣ ಬಾಟ್ಲಿ ಕೊಟ್ಟರು. ಬೆಳಿಗ್ಗೆ ಒಂದು ತೊಟ್ಟು, ಸಂಜೆ ಒಂದು ತೊಟ್ಟು.

ನನ್ನ ಕಣ್ಣಿಗೆ ನಾನೇ ಹಾಕಿಕೊಂಡರೆ ಎಲ್ಲ ಕೆನ್ನೆಗೆ ಇಳಿಯುತ್ತಿತ್ತು. ಅಜ್ಜ ಹಾಕತೊಡಗಿದರು. ಜಗಲಿಯ ಬೆಂಚಿನಲ್ಲಿ ನಾನು ಮಲಗುವುದು, ಅವರು ತಲೆಯ ಹತ್ತಿರ ನಿಂತು ರೆಪ್ಪೆ ಬಿಡಿಸುವುದು. “ಹೋಲ್ಡಾನ್, ಹೋಲ್ಡಾನ್” ಎಂದು ಬಸ್ಸು ನಿಲ್ಲಿಸುವ ಸ್ವರದಲ್ಲೇ ಹೇಳಿ ಒಂದು ತೊಟ್ಟು ಬಿಡುವರು, ಮುಗಿದ ಮೇಲೆ “ರೈಟ್” ಎನ್ನುವರು. ನನಗೆ ನಗು ಬಂದು ಮದ್ದು ಹೊರಗೆ ಚೆಲ್ಲಿದರೆ ಗದರುವರು. ನಾಲ್ಕು ವರ್ಷ ಹೀಗೆ ನಡೆಯಿತು. ಆ ವಯಸ್ಸಿನಲ್ಲಿ ಗಂಡ ಹೆಂಡತಿ ಅಷ್ಟು ಹತ್ತಿರ ಮುಖ ತರುವುದು ದಿನದಲ್ಲಿ ಆ ಎರಡು ಸಲ ಮಾತ್ರ.

ನಾಲ್ಕನೆಯ ವರ್ಷ ಮಳೆ ಶುರುವಾಗುವ ಮೊದಲು ನಮ್ಮ ಕಡೆ ಎಲ್ಲರಿಗೂ ಕಣ್ಣು ಬಂತು. ಕೆಂಪಗಾಗಿ, ಬೆಳಿಗ್ಗೆ ರೆಪ್ಪೆ ಅಂಟಿಕೊಳ್ಳುವ ಬೇನೆ. ಅಜ್ಜನಿಗೂ ಬಂತು. ಮೊದಲ ದಿನ ನಾನು ನಂದಿಬಟ್ಟಲಿನ ಹೂವನ್ನು ನೀರಿನಲ್ಲಿ ಹಾಕಿಟ್ಟು ಆ ನೀರಿನಿಂದ ತೊಳೆದೆ. ಕಡಿಮೆಯಾಗಲಿಲ್ಲ. ಮರುದಿನ ಬೆಳಿಗ್ಗೆ ನನಗೆ ಮದ್ದು ಹಾಕಲು ಬಂದವರು ಕಣ್ಣು ಉಜ್ಜಿಕೊಳ್ಳುತ್ತಿದ್ದರು. ನನ್ನದು ಮುಗಿದ ಮೇಲೆ ನಾನು ಎದ್ದು, “ನೀವು ಮಲಗಿ, ನಿಮಗೂ ಒಂದು ತೊಟ್ಟು ಹಾಕ್ತೇನೆ” ಎಂದೆ.

“ಅದು ನಿನ್ನದಲ್ಲವಾ?”

“ನನ್ನದಾದರೆ ಏನು? ಕಣ್ಣಿನ ಮದ್ದು ತಾನೇ. ದೊಡ್ಡ ಡಾಕ್ಟ್ರು ಕೊಟ್ಟದ್ದು. ಹೂವಿನ ನೀರಿಗಿಂತ ಒಳ್ಳೆಯದಾದೀತು.”

“ಹಾಕು ಮಾರಾಯ್ತಿ, ತುರಿಕೆ ನಿಂತರೆ ಸಾಕು.”

ಮಲಗಿದರು. ಎರಡೂ ಕಣ್ಣಿಗೆ ಒಂದೊಂದು ತೊಟ್ಟು ಬಿಟ್ಟೆ. ಸಂಜೆ ಮತ್ತೆ ಒಂದೊಂದು. ತಂಪಾಯಿತು ಎಂದರು. ನನಗೆ ಸಂತೋಷವಾಯಿತು. ಅವರ ಮೈಗೆ ನನ್ನ ಕೈಯಿಂದ ಒಂದು ಉಪಕಾರವಾಯಿತೆಂದು.

ಆ ಸಂಜೆಯೇ ಎದೆ ಸ್ವಲ್ಪ ಕೂಗಿತು. ಮೋಡ ಕವಿದ ದಿನ, ದಮ್ಮು ಏಳುವುದು ಹೊಸತಲ್ಲ. ಪಂಪು ಎಳೆದರು. ಯಾವಾಗಲೂ ಇಳಿಯುವಷ್ಟು ಇಳಿಯಲಿಲ್ಲ. ಮರುದಿನ ನಾಲ್ಕು ಸಲ ಎಳೆದರು, ಆರು ಸಲ ಎಳೆದರು. “ಪಂಪಿನಲ್ಲಿ ಗಾಳಿ ಮುಗಿದಿರಬೇಕು” ಎಂದು ಹೊಸತು ತರಿಸಿದರು. ಅದೂ ಹಾಗೆಯೇ. ಇಪ್ಪತ್ತು ವರ್ಷ ಕೈಬಿಡದ ವಸ್ತು ಒಮ್ಮೆಲೇ ಕೈಬಿಟ್ಟಾಗ ಅವರ ಮುಖದಲ್ಲಿ ಬಂದ ಹೆದರಿಕೆಯನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಕಡು ಕಾಫಿ ಮಾಡಿ ಕೊಟ್ಟೆ, ಬೆನ್ನು ಉಜ್ಜಿದೆ. ಮತ್ತೆ ಬೆಳಿಗ್ಗೆ ಸಂಜೆ ತಪ್ಪದೆ ಕಣ್ಣಿಗೆ ಮದ್ದು ಹಾಕಿದೆ. ಉಸಿರಾಡಲು ಕಷ್ಟಪಡುವ ಮನುಷ್ಯನಿಗೆ ಕಣ್ಣಿನ ಉರಿಯಾದರೂ ಕಡಿಮೆ ಇರಲಿ ಎಂದು.

ಮೂರನೆಯ ದಿನ ಕೂತಲ್ಲಿಂದ ಏಳಲಾಗಲಿಲ್ಲ. ಮಾತು ತುಂಡಾಗಿ ಬರುತ್ತಿತ್ತು. ಅವರ ತಮ್ಮ, ನನ್ನ ಮೈದುನ, ರಿಕ್ಷಾ ತಂದ. ಮಡಂತ್ಯಾರಿನ ಕ್ಲಿನಿಕ್ಕಿನಲ್ಲಿ ಮುಖಕ್ಕೆ ಮಾಸ್ಕ್ ಕಟ್ಟಿ ಹೊಗೆಯ ಹಾಗಿನ ಮದ್ದು ಕೊಟ್ಟರು, ಇಂಜೆಕ್ಷನ್ ಕೊಟ್ಟರು. “ಇಷ್ಟಕ್ಕೆ ಇಳಿಯಬೇಕಿತ್ತು. ಯಾಕೆ ಇಳಿಯುವುದಿಲ್ಲ ಗೊತ್ತಾಗುವುದಿಲ್ಲ. ದೊಡ್ಡ ಆಸ್ಪತ್ರೆಗೆ ಕರಕೊಂಡು ಹೋಗಿ” ಎಂದರು. ಅಲ್ಲಿಂದ ಆಂಬುಲೆನ್ಸಿನಲ್ಲಿ ಹೋದೆವು.

ದೊಡ್ಡ ಆಸ್ಪತ್ರೆಯಲ್ಲಿ ನಡೆದದ್ದನ್ನು ಸರಿಯಾಗಿ ಬರೆಯಬೇಕು. ವಾರ್ಡಿನಲ್ಲಿ ಮಲಗಿಸಿ ಆಕ್ಸಿಜನ್ ಇಟ್ಟ ಮೇಲೆ ಒಬ್ಬ ಎಳೆ ವಯಸ್ಸಿನ ಡಾಕ್ಟರು ಕಾಗದ ಹಿಡಿದು ಬಂದರು. ಒಳ್ಳೆಯ ಹುಡುಗ, ಅವಸರ ಮಾಡಲಿಲ್ಲ.

“ಇವರು ಬೇರೆ ಏನು ಮದ್ದು ತಗೊಳ್ತಾರೆ? ಬೀಪಿ, ನೋವಿನ ಮಾತ್ರೆ, ಕಷಾಯ?”

ಮೈದುನ, “ಏನೂ ಇಲ್ಲ ಡಾಕ್ಟ್ರೇ. ಪಂಪು ಬಿಟ್ಟರೆ ಅಣ್ಣ ಒಂದು ಮಾತ್ರೆ ಮುಟ್ಟಿದವನಲ್ಲ” ಎಂದ.

ಡಾಕ್ಟರು ಅಜ್ಜನ ಮುಖಕ್ಕೆ ಬಗ್ಗಿ ನೋಡಿದರು. “ಕಣ್ಣು ಯಾಕೆ ಇಷ್ಟು ಕೆಂಪು?”

“ಕಣ್ಣು ಬಂದದ್ದು. ನಮ್ಮ ಊರಲ್ಲಿ ಎಲ್ಲರಿಗೂ ಉಂಟು.”

ಡಾಕ್ಟರು ಈಗ ನನ್ನ ಕಡೆ ತಿರುಗಿದರು. “ಅಮ್ಮ, ಮನೆಯಲ್ಲಿ ನೋಡಿಕೊಳ್ಳುವುದು ನೀವಲ್ಲವಾ? ಕಣ್ಣಿಗೆ ಏನು ಹಾಕಿದ್ರಿ?”

“ನಂದಿಬಟ್ಟಲಿನ ನೀರು” ಎಂದೆ. ಮುಂದಿನ ಮಾತು ನಾಲಿಗೆಯ ಮೇಲೆ ಇತ್ತು. ಅಷ್ಟರಲ್ಲಿ ಮೈದುನ ನಕ್ಕುಬಿಟ್ಟ.

“ನೋಡಿ ಡಾಕ್ಟ್ರೇ, ನಮ್ಮ ಅತ್ತಿಗೆಯ ಮೆಡಿಕಲ್ ಕಾಲೇಜು! ಹೂವಿನ ನೀರು!”

ಪಕ್ಕದ ಮಂಚದವರೂ ನಕ್ಕರು, ಸಿಸ್ಟರ್ ಕೂಡ ಮುಖ ತಿರುಗಿಸಿ ನಕ್ಕಳು. ಮೈದುನ ಕೆಟ್ಟವನಲ್ಲ, ಹೆದರಿಕೆ ಆದರೆ ತಮಾಷೆ ಮಾಡುವುದು ಅವರ ಮನೆತನದ ಗುಣ. ಆದರೆ ನನ್ನ ಮುಖ ಬಿಸಿಯಾಯಿತು, ನಾಲಿಗೆ ಒಳಗೆ ಹೋಯಿತು. ಡಾಕ್ಟರು ನಗಲಿಲ್ಲ. “ಹೂವಿನ ನೀರೆಲ್ಲ ಹಾಕಬೇಡಿ ಅಮ್ಮ, ಸರಿಯಾದ ಮದ್ದು ಹಾಕಬೇಕು” ಎಂದು ಏನೋ ಬರೆದುಕೊಂಡು ಹೋದರು.

ಸರಿಯಾದ ಮದ್ದು ನನ್ನ ಚೀಲದಲ್ಲೇ ಇದೆಯಲ್ಲ ಎಂದು ನನಗೆ ಆಗ ಅನಿಸಿತು. ಹಾಗೆ ಅನಿಸಿದ್ದು ನಿಜ. ಅಷ್ಟು ತಿಳಿವಳಿಕೆಯವಳು ನಾನು.

ಮರುದಿನ ಬೆಳಕಾಗುವಾಗ ಉಸಿರು ಸ್ವಲ್ಪ ತಗ್ಗಿತ್ತು. ನನ್ನನ್ನು ನೋಡಿ ಎರಡು ಬೆರಳು ಎತ್ತಿ, ಬಸ್ಸಿಗೆ ರೈಟ್ ಕೊಡುವ ಹಾಗೆ ಮಾಡಿದರು. ಕಣ್ಣು ಮಾತ್ರ ಅಂಟಿಕೊಂಡಿತ್ತು. ಒದ್ದೆ ಬಟ್ಟೆಯಿಂದ ಒರಸಿ, ಚೀಲದಿಂದ ಬಾಟ್ಲಿ ತೆಗೆದು ಎರಡೂ ಕಣ್ಣಿಗೆ ಹಾಕಿದೆ. ಒಂದು ಗಂಟೆ ಕಳೆಯಲಿಲ್ಲ, ಕುತ್ತಿಗೆಯ ನರಗಳು ಎದ್ದು ನಿಂತವು. ತುಟಿ ನೀಲಿಗೆ ತಿರುಗಿತು. ಸಿಸ್ಟರ್ ಓಡಿ ಬಂದಳು. ಮಂಚದ ಪಕ್ಕದ ಪೆಟ್ಟಿಗೆಯ ಮೇಲೆ ನಾನು ಇಟ್ಟಿದ್ದ ಬಾಟ್ಲಿ ಅವಳ ಕೈಗೆ ತಗಲಿತು. ಹೆಸರು ಓದಿದಳು. ಅದನ್ನು ಹಿಡಿದುಕೊಂಡು ಡಾಕ್ಟರ ಕೋಣೆಗೆ ಓಡಿದಳು.

ನಿನ್ನೆಯ ಡಾಕ್ಟರು ಬಂದರು. ಜೊತೆಗೆ ಹಿರಿಯರೊಬ್ಬರು. ಹಿರಿಯರಿಗೆ ಸಿಟ್ಟು ಬಂದಿತ್ತು.

“ಇದನ್ನು ಇವರ ಕಣ್ಣಿಗೆ ಹಾಕಿದ್ದಾ? ಯಾರು ಹಾಕಿದ್ದು?”

ನಾನು ಗೋಡೆಗೆ ಒರಗಿ ನಿಂತಿದ್ದೆ. ಮೈದುನ ಬಾಟ್ಲಿ ನೋಡಿದ, ನನ್ನ ಮುಖ ನೋಡಿದ. “ಅತ್ತಿಗೆ, ಇದು ನಿಮ್ಮದಲ್ಲವಾ?” ಎಂದ. ನಾನು ಬಾಯಿ ತೆರೆದೆನೋ ಇಲ್ಲವೋ ನೆನಪಿಲ್ಲ. ಅಜ್ಜ ಮಾಸ್ಕನ್ನು ಕೈಯಿಂದ ಬದಿಗೆ ಸರಿಸಿದರು.

“ನಾನೇ. ಹಾಕಿಕೊಂಡದ್ದು. ಇವಳಿಗೆ. ಗೊತ್ತಿಲ್ಲ.”

ಆ ನಾಲ್ಕು ಮಾತಿಗೆ ನಾಲ್ಕು ಸಲ ಉಸಿರು ಎಳೆದುಕೊಂಡರು.

“ಎಂಥ ಮನುಷ್ಯ ಮಾರಾಯ ನೀನು!” ಎಂದು ಮೈದುನ ಅಣ್ಣನಿಗೆ ಬಯ್ದ. “ಹೆಂಡತಿಯ ಮದ್ದು ಕದ್ದು ಹಾಕಿಕೊಳ್ಳುವುದಾ? ನಿನ್ನೆ ಕೇಳುವಾಗಲಾದರೂ ಹೇಳಬಾರದಾ?” ಬಯ್ಯುತ್ತಾ ಬಯ್ಯುತ್ತಾ ಅತ್ತ. ನಾನು ಗೋಡೆ ಬಿಟ್ಟು ಕದಲಲಿಲ್ಲ.

ಅಲ್ಲಿಂದ ಅವರನ್ನು ಐಸಿಯುಗೆ ಒಯ್ದರು. ಬೇರೆ ಜಾತಿಯ ಮದ್ದುಗಳನ್ನು ಕೊಟ್ಟರು. ಸಂಜೆ ನನ್ನನ್ನು ಐದು ನಿಮಿಷಕ್ಕೆ ಒಳಗೆ ಬಿಟ್ಟರು. ಕಾಲಿಗೆ ಆಸ್ಪತ್ರೆಯ ಚಪ್ಪಲಿ, ತಲೆಗೆ ಟೊಪ್ಪಿ ಹಾಕಿಸಿದ್ದರು. ಅಜ್ಜನ ಕಿವಿಯ ಹತ್ತಿರ ಬಗ್ಗಿ, “ಯಾಕೆ ಹಾಗೆ ಹೇಳಿದ್ರಿ?” ಎಂದು ಕೇಳಿದೆ.

“ಬಯ್ದರೆ. ನನಗೆ ಬಯ್ಯಲಿ. ನಿನಗೆ. ತಿರುಗಿ ಹೇಳಲಿಕ್ಕೆ. ಬರುವುದಿಲ್ಲ.”

“ನಾನು ಹೋಗಿ ಸತ್ಯ ಹೇಳ್ತೇನೆ.”

“ಬೇಡ.” ಆಮೇಲೆ ಕಣ್ಣು ಮುಚ್ಚಿಕೊಂಡು, “ನಿನ್ನ ಮದ್ದು. ಬಿಡಬೇಡ. ಮಗಳ ಹತ್ತಿರ ಹಾಕಿಸು” ಎಂದರು.

ಇಷ್ಟೇ ನಾವು ಆಡಿದ ಕೊನೆಯ ಮಾತು. ಆ ಮೇಲೆ ಗಂಟಲಿಗೆ ನಳಿಗೆ ಹಾಕಿದರು. ಮೂರು ದಿನ ಯಂತ್ರ ಉಸಿರಾಡಿತು. ದಣಿದ ಎದೆಯೊಳಗೆ ಕಫ ತುಂಬಿ ಜ್ವರ ಹಿಡಿಯಿತು. ನಾಲ್ಕನೆಯ ದಿನ ಮಧ್ಯಾಹ್ನ ಹೋದರು.

ಹದಿಮೂರನೆಯ ದಿನದ ಊಟಕ್ಕೆ ಬಂದವರೆಲ್ಲರ ಬಾಯಲ್ಲೂ ಅದೇ ಮಾತು. ತನ್ನ ಕೈಯಾರೆ ಮಾಡಿಕೊಂಡ. ಎಷ್ಟು ಹೇಳಿದರೂ ಕೇಳುವ ಜನ ಅಲ್ಲ. ಪಾಪ, ಆಕೆಗೆ ಗೊತ್ತೇ ಇರಲಿಲ್ಲವಂತೆ. ಪಕ್ಕದ ಮನೆಯಾಕೆ ನನ್ನ ಕೈ ಹಿಡಿದು, “ನಿಮ್ಮ ತಪ್ಪು ಏನಿಲ್ಲ ಅಕ್ಕ” ಎಂದಳು. ನಾನು ತಲೆ ಅಲ್ಲಾಡಿಸಿದೆ. ಹೌದೆಂದೋ ಅಲ್ಲವೆಂದೋ ಆಕೆಗೆ ತಿಳಿದಿರಲಿಕ್ಕಿಲ್ಲ. ಅಂದು ಹೇಳಲಿಲ್ಲ. ಅವರ ವರ್ಷಾಂತದ ತಿಥಿಯ ದಿನ ಹೇಳಬೇಕೆಂದುಕೊಂಡೆ, ಅಂದೂ ಹೇಳಲಿಲ್ಲ. ದಿನ ಕಳೆದ ಹಾಗೆ ಹೇಳದೆ ಇದ್ದದ್ದೇ ಇನ್ನೊಂದು ತಪ್ಪಾಗಿ ಅದರ ಮೇಲೆ ಕೂತಿತು.

ಕಣ್ಣಿಗೆ ಮದ್ದು ಹಾಕಿಸಿಕೊಳ್ಳುವುದನ್ನು ನಾನು ಬಿಟ್ಟೆ. ನಿಮ್ಮ ಅಮ್ಮ ಕೇಳಿದಾಗಲೆಲ್ಲ ಡಾಕ್ಟರು ಈಗ ಬೇಡವೆಂದಿದ್ದಾರೆ ಎಂದು ಸುಳ್ಳು ಹೇಳಿದೆ. ಎರಡು ವರ್ಷದ ಮೇಲೆ ನಾನು ಬಾಗಿಲ ದಾರಂದಕ್ಕೆ ಬಡಿದು ಬಿದ್ದಾಗ ವಿಷಯ ಗೊತ್ತಾಯಿತು. ಅಷ್ಟರಲ್ಲಿ ಎಡಗಣ್ಣು ಹೋಗಿತ್ತು, ಬಲಗಣ್ಣಿನಲ್ಲಿ ನಡುವಿನ ಸ್ವಲ್ಪ ಜಾಗ ಉಳಿದಿತ್ತು. ಈಗ ಬೇರೆ ಮದ್ದು ಹಾಕುತ್ತಿದ್ದಾರೆ. ನೀವು ನನ್ನ ಪಕ್ಕಕ್ಕೆ ಬಂದು ನಿಂತರೆ ಕಾಣುವುದಿಲ್ಲ, ಎದುರಿಗೆ ಬನ್ನಿ ಎನ್ನುವುದು ಅದಕ್ಕೇ.

ನಿಮ್ಮಲ್ಲಿ ಒಬ್ಬಳು ಈಗ ಮೂಡುಬಿದಿರೆಯ ಕಾಲೇಜಿನಲ್ಲಿ ಫಾರ್ಮಸಿ ಓದುತ್ತಿದ್ದಾಳೆ. ಕಳೆದ ರಜೆಯಲ್ಲಿ ಬಂದಿದ್ದಾಗ ನನ್ನ ಹತ್ತಿರ ಕೂತು ಪರೀಕ್ಷೆಗೆ ಓದುತ್ತಿದ್ದಳು. ಒಮ್ಮೆಲೇ ಪುಸ್ತಕ ಮಡಚಿ, “ಅಜ್ಜಿ, ಅಜ್ಜನಿಗೆ ಆದದ್ದು ಇದರಲ್ಲಿ ಉಂಟು!” ಎಂದಳು. ಕಣ್ಣಿಗೂ ಎದೆಗೂ ಏನು ಸಂಬಂಧ ಎಂದು ನಾನು ಕೇಳಿದೆ. ಒಂಬತ್ತು ವರ್ಷದಿಂದ ಕೇಳಬೇಕೆಂದು ಇದ್ದ ಪ್ರಶ್ನೆ ಅದು.

ಅವಳು ಹೇಳಿದ್ದು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ನಮ್ಮ ಎದೆಯೊಳಗಿನ ಗಾಳಿಯ ಕೊಳವೆಗಳ ಸುತ್ತ ಸಣ್ಣ ಸ್ನಾಯುಗಳು ಸುತ್ತಿಕೊಂಡಿರುತ್ತವೆ. ಕೈಕಾಲಿನ ಸ್ನಾಯುವಿನ ಹಾಗೆ ಅವು ನಮ್ಮ ಮಾತು ಕೇಳುವುದಿಲ್ಲ. ಬೀಡಿಗೆ ನೂಲು ಸುತ್ತುವಾಗ ಬಿಗಿ ಹೆಚ್ಚಾದರೆ ಹೊಗೆ ಎಳೆಯುವುದಿಲ್ಲವಲ್ಲ, ದಮ್ಮು ಅಂದರೆ ಹಾಗೆ ಬಿಗಿಯುವುದು ಎಂದು ನಾನು ಹೇಳಿದಾಗ ಅವಳು ಹೌದು ಎಂದಳು. ಬಿಗಿ ಮಾಡು ಎನ್ನುವ ಕೆಲವು ರಸಗಳು ಮೈಯಲ್ಲೇ ಹುಟ್ಟುತ್ತವೆ, ಸಡಿಲ ಮಾಡು ಎನ್ನುವವೂ ಹುಟ್ಟುತ್ತವೆ. ಆ ಸ್ನಾಯುವಿನ ಮೇಲೆ ಅವು ಬಂದು ಕೂರುವ ಜಾಗಗಳಿವೆ. ಉಮ್ಮತ್ತಿಯ ಹೊಗೆ ಬಿಗಿ ಮಾಡುವ ರಸದ ಜಾಗದಲ್ಲಿ ಕೂತು ಅದನ್ನು ಬರಗೊಡುವುದಿಲ್ಲ. ಕಾಫಿಗೂ ಸಡಿಲ ಮಾಡುವ ಗುಣ ಸ್ವಲ್ಪ ಉಂಟಂತೆ. ಪಂಪಿನ ಮದ್ದು ಸಡಿಲ ಮಾಡುವ ರಸದ ಜಾಗದಲ್ಲಿ ಕೂತು ಅದರ ಕೆಲಸವನ್ನೇ ಮಾಡುತ್ತದೆ. ನನ್ನ ಬಾಟ್ಲಿಯ ಮದ್ದು ಕೂರುವುದೂ ಅದೇ ಜಾಗದಲ್ಲಿ, ಆದರೆ ಯಾವ ಕೆಲಸವನ್ನೂ ಮಾಡದೆ, ಬೇರೆಯವರನ್ನೂ ಕೂರಗೊಡದೆ. ಕಣ್ಣಿಗೆ ಬಿಟ್ಟ ತೊಟ್ಟು ಕಣ್ಣಿನ ಮೂಲೆಯ ತೂತಿನಿಂದ ಮೂಗಿಗೆ ಇಳಿದು ರಕ್ತಕ್ಕೆ ಸೇರುತ್ತದಂತೆ. ಗಟ್ಟಿ ಎದೆಯವರಿಗೆ ಅದು ತಿಳಿಯುವುದೇ ಇಲ್ಲ. ಅಜ್ಜ ಎಷ್ಟು ಪಂಪು ಎಳೆದರೂ ಆ ಮದ್ದಿಗೆ ಕೂರಲು ಜಾಗ ಇರಲಿಲ್ಲ.

“ಹಾಗಾದರೆ ಅದು ಹಾಕಿದ ಮೇಲೆ ಉಳಿಯುವ ದಾರಿಯೇ ಇರಲಿಲ್ಲವಾ?” ಎಂದು ಕೇಳಿದೆ.

“ಇತ್ತು ಅಜ್ಜಿ. ಹಾಕುವುದು ನಿಲ್ಲಿಸಿದರೆ ಒಂದೆರಡು ದಿನದಲ್ಲಿ ಇಳಿಯುತ್ತದೆ. ಆಸ್ಪತ್ರೆಗೆ ಹೋದ ಮೊದಲ ದಿನವೇ ಹೇಳಿದ್ದರೆ ಬೇರೆ ಮದ್ದು ಶುರು ಮಾಡುತ್ತಿದ್ದರು. ಉಳಿಯುತ್ತಿದ್ದರೋ ಏನೋ. ಇಷ್ಟು ಸಣ್ಣ ಮಾತು ಹೇಳಲಿಕ್ಕೆ ಅಜ್ಜನಿಗೆ ಏನು ಕಷ್ಟ ಇತ್ತು?”

“ಗೊತ್ತಿಲ್ಲ ಮಗಾ” ಎಂದು ಹೇಳಿ ಎದ್ದು ಒಳಗೆ ಹೋದೆ.

ಮಗಳೇ, ನಾನು ಅಂದು ನಿನಗೆ ಕೊಟ್ಟ ಉತ್ತರ ಸುಳ್ಳು. ಅಜ್ಜನ ಬಾಯಿಗೆ ಮಾಸ್ಕ್ ಕಟ್ಟಿತ್ತು. ಡಾಕ್ಟರು ಕೇಳಿದ್ದು ನನ್ನನ್ನು, ಅವಸರ ಮಾಡದೆ ಕೇಳಿದ್ದರು. ನಾನು ಅರ್ಧ ಹೇಳಿದೆ. ನಾಲ್ಕು ಜನ ನಕ್ಕರೆಂದು ಇನ್ನರ್ಧ ಹೇಳಲಿಲ್ಲ. ತಿಳಿಯದೆ ಹಾಕಿದ ಮದ್ದಿಗೆ ದೇವರು ಏನು ಹೇಳುತ್ತಾನೋ ಗೊತ್ತಿಲ್ಲ. ಈ ಅರ್ಧ ಮಾತಿಗೆ ಯಾರು ಏನು ಹೇಳಿದರೂ ನಾನು ಕೇಳಬೇಕಾದವಳೇ.

ಈ ಕಾಗದವನ್ನು ಮೊದಲು ನನ್ನ ಮೈದುನನಿಗೆ ಓದಿ ಹೇಳಿ. ಅಣ್ಣನಿಗೆ ಅಂದು ಬಯ್ದದ್ದನ್ನು ನೆನೆದು ಆತ ಈಗಲೂ ಆ ದಿನ ಬಂದರೆ ಊಟ ಮಾಡುವುದಿಲ್ಲ. ಆಮೇಲೆ ನೀವೆಲ್ಲ ಓದಿ. ಓದಿದ ಮೇಲೆ ನನ್ನನ್ನು ಏನು ಕೇಳಬೇಕಿದ್ದರೂ ಎದುರಿಗೆ ಬಂದು ಕೇಳಿ. ಪೂರ್ತಿ ಹೇಳುತ್ತೇನೆ.